ಮೂವತ್ತು ತಿಂಗಳ ಕುರ್ಚಿ

ಭಾಗ 1

ಫೋಟೋದಲ್ಲಿ ಕಾಣೋ ಹಲಗೆ ನಮ್ಮ ಜಿಲ್ಲೆಯ ಒಂದು ಗ್ರಾಮ ಪಂಚಾಯತಿ ಕಚೇರಿಯದ್ದು. ಹೆಸರುಗಳ ಮೇಲೆ ಬಿಳಿ ಪಟ್ಟಿ ಎಳೆದದ್ದು ನಾನೇ. ಊರು ಯಾವುದು ಅಂತ ಕೇಳಬೇಡಿ, ಹೇಳಲ್ಲ. ಹೆಸರು ಬಿಟ್ಟು ಬಲಗಡೆ ಇರೋ ಎರಡು ಕಾಲಂ ನೋಡಿ: ‘ಇಂದ’ ಮತ್ತು ‘ವರೆಗೆ’. ಒಂದು ಸಾಲಿಗೂ ಮುಂದಿನ ಸಾಲಿಗೂ ಹೆಚ್ಚುಕಡಿಮೆ ಎರಡೂವರೆ ವರ್ಷ. ನಡುವೆ ಒಂದೇ ಒಂದು ಸಾಲು ಉದ್ದ ಐತಿ, 2015ರಿಂದ 2020. ಆಮೇಲೆ ಮತ್ತೆ ಎರಡೂವರೆ. ಕೊನೇ ಸಾಲುಗಳಲ್ಲಿ ಒಂದು ಬರೀ ಹದಿನೈದು ತಿಂಗಳದ್ದು. ಅದು ನಮ್ಮ ಚಿಗವ್ವನ ಸಾಲು. ಅದಕ್ಕೆ ಆಮೇಲೆ ಬರ್ತೀನಿ.

ಈ ಹಲಗೆ ನೆನಪಾದದ್ದು ಟ್ರಂಪ್‌ನಿಂದ. ನಗಬೇಡಿ. 2025ರ ಮಾರ್ಚ್‌ನಲ್ಲಿ ಅವರು ಮೂರನೇ ಅವಧಿಯ ವಿಚಾರದಲ್ಲಿ ತಾನು ತಮಾಷೆ ಮಾಡ್ತಿಲ್ಲ ಅಂದಾಗ ನಮ್ಮ ಕ್ಲಾಸಿನಲ್ಲಿ ದೊಡ್ಡ ಚರ್ಚೆ ಆಯ್ತು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: ಅಮೆರಿಕದಲ್ಲಿ ಎರಡೇ ಸಲ ಅಂತ ಕಾನೂನು ಐತಿ, ನಮ್ಮ ದೇಶದಾಗ ಇಂಥದ್ದು ಯಾಕಿಲ್ಲ? ಎಲ್ಲರೂ ಹೌದು ಹೌದು ಅಂದರು. ನನಗೆ ಮಾತ್ರ ಅನ್ನಿಸಿತು, ನಮ್ಮಲ್ಲೂ ಐತಿ. ಪ್ರಧಾನಿಗೆ ಇಲ್ಲ, ಮುಖ್ಯಮಂತ್ರಿಗೆ ಇಲ್ಲ. ನಮ್ಮೂರ ಪಂಚಾಯತಿ ಅಧ್ಯಕ್ಷೆಗೆ ಐತಿ.

ಮೊದಲು ಅಮೆರಿಕದ ಕಥೆ ನೋಡಿಬಿಡೋಣ, ಆಮೇಲೆ ನಮ್ಮೂರಿಗೆ ಬರೋಣ.

ಭಾಗ 2

ನಮ್ಮಲ್ಲಿ ಸುಮಾರು ಜನ ಅಂದುಕೊಂಡಿರೋದು, ಅಮೆರಿಕದ ಸಂವಿಧಾನ ಬರೆದವರೇ ‘ಎರಡೇ ಸಲ’ ಅಂತ ಬರೆದರು ಅಂತ. ಬರೆದಿಲ್ಲ. ಒಂದು ಅವಧಿ ನಾಲ್ಕು ವರ್ಷ ಅಂತ ಮಾತ್ರ ಬರೆದರು, ಎಷ್ಟು ಸಲ ಅನ್ನೋದನ್ನ ಖಾಲಿ ಬಿಟ್ಟರು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಬಂದರು, ಎರಡು ಅವಧಿ ಮುಗಿಸಿದರು, 1796ರಲ್ಲಿ ‘ಸಾಕು, ಮನೆಗೆ ಹೋಗ್ತೀನಿ’ ಅನ್ನೋ ಅರ್ಥದ ವಿದಾಯ ಪತ್ರ ಪ್ರಕಟಿಸಿದರು. ಮೂರನೇ ಸಲ ನಿಂತಿದ್ದರೂ ಗೆಲ್ಲೋರು. ಅವರಿಗೆ ವಯಸ್ಸಾಗಿತ್ತು, ಸಾಕಾಗಿತ್ತು, ತೋಟದ ಮನೆಗೆ ಹೋಗಬೇಕಿತ್ತು. ಆದರೆ ಅವರು ಎದ್ದು ಹೋದ ರೀತಿಯೇ ಒಂದು ರೂಢಿ ಆಯ್ತು. ಜೆಫರ್ಸನ್ ಕೂಡ ಎರಡಕ್ಕೇ ನಿಲ್ಲಿಸಿದರು. ನಂತರ ಬಂದವರಿಗೆ ಅದನ್ನ ಮೀರೋದಕ್ಕೆ ನಾಚಿಕೆ.

ಆಸೆ ಇರಲಿಲ್ಲ ಅಂತಲ್ಲ. ಎರಡು ಅವಧಿ ಮುಗಿಸಿದ್ದ ಗ್ರಾಂಟ್ 1880ರಲ್ಲಿ ಮತ್ತೆ ಪ್ರಯತ್ನಪಟ್ಟರು, ಅವರ ಪಕ್ಷವೇ ಟಿಕೆಟ್ ಕೊಡಲಿಲ್ಲ. ಥಿಯೋಡರ್ ರೂಸ್‌ವೆಲ್ಟ್ ಕಥೆ ಸಿನಿಮಾದಂಗ ಐತಿ. 1904ರಲ್ಲಿ ಗೆದ್ದ ರಾತ್ರಿಯೇ ಮತ್ತೆ ನಿಲ್ಲಲ್ಲ ಅಂದಿದ್ದ ಮನುಷ್ಯ, 1912ರಲ್ಲಿ ಹೊಸ ಪಕ್ಷ ಕಟ್ಟಿಕೊಂಡು ಬಂದರು. ಆ ಅಕ್ಟೋಬರ್ 14ರಂದು ಮಿಲ್ವಾಕೀ ಅನ್ನೋ ಊರಿನಲ್ಲಿ, ಯಾರೂ ಮೂರನೇ ಸಲ ಅಧ್ಯಕ್ಷ ಆಗಬಾರದು ಅಂತ ತಲೆಯಲ್ಲಿ ತುಂಬಿಕೊಂಡಿದ್ದವನೊಬ್ಬ ಅವರ ಎದೆಗೆ ಗುಂಡು ಹಾರಿಸಿದ. ಜೇಬಿನಲ್ಲಿ ಮಡಚಿಟ್ಟ ದಪ್ಪ ಭಾಷಣದ ಹಾಳೆಗಳು, ಕನ್ನಡಕದ ಡಬ್ಬಿ. ಗುಂಡು ಅದರಲ್ಲೇ ವೇಗ ಕಳಕೊಂಡಿತು. ಅಂಗಿಗೆ ರಕ್ತ ಹತ್ತಿದ್ದರೂ ಒಂದು ಗಂಟೆಗೂ ಹೆಚ್ಚು ಭಾಷಣ ಮಾಡಿ ಆಮೇಲೆ ಆಸ್ಪತ್ರೆಗೆ ಹೋದರು. ಚುನಾವಣೆ ಸೋತರು. (ಉದ್ದ ಭಾಷಣದಿಂದ ಒಬ್ಬ ರಾಜಕಾರಣಿಯ ಜೀವ ಉಳಿದ ಬೇರೆ ಉದಾಹರಣೆ ನನಗಂತೂ ಗೊತ್ತಿಲ್ಲ.)

ರೂಢಿ ಮುರಿದದ್ದು ಅವರದೇ ದೂರದ ಸಂಬಂಧಿ ಫ್ರಾಂಕ್ಲಿನ್ ರೂಸ್‌ವೆಲ್ಟ್. 1932, 1936, 1940, 1944. ನಾಲ್ಕು ಸಲ ಗೆದ್ದರು. 1940ರಲ್ಲಿ ಯುರೋಪ್ ಯುದ್ಧದಲ್ಲಿ ಸುಡ್ತಿತ್ತು, ಇಂಥ ಹೊತ್ತಲ್ಲಿ ಚಾಲಕನನ್ನ ಬದಲಿಸೋದು ಬೇಡ ಅಂತ ಜನ ಒಪ್ಪಿದರು. ನಾಲ್ಕನೇ ಅವಧಿ ಶುರುವಾಗಿ ಮೂರು ತಿಂಗಳೂ ತುಂಬಿರಲಿಲ್ಲ, 1945ರ ಏಪ್ರಿಲ್ 12ರಂದು ತೀರಿಕೊಂಡರು. ಆಮೇಲೆ ವಿರೋಧ ಪಕ್ಷ ಸಂಸತ್ತಿನಲ್ಲಿ ಬಹುಮತ ಪಡೀತು. 1947ರ ಮಾರ್ಚ್‌ನಲ್ಲಿ 22ನೇ ತಿದ್ದುಪಡಿ ಪಾಸಾಯ್ತು. ಆಗ ಇದ್ದದ್ದು 48 ರಾಜ್ಯ, ಅದರಲ್ಲಿ 36 ಒಪ್ಪಬೇಕು. ಒಪ್ಪಿಗೆ ಮುಗಿಯೋ ಹೊತ್ತಿಗೆ 1951ರ ಫೆಬ್ರವರಿ 27. ವಾಷಿಂಗ್ಟನ್ ಎದ್ದು ಹೋಗಿ ಒಂದೂವರೆ ಶತಮಾನ ದಾಟಿದ ಮೇಲೆ ಅವರ ರೂಢಿ ಕಾನೂನಾಯ್ತು.

ಒಳಗಿನ ಲೆಕ್ಕ ಇಷ್ಟೇ: ಎರಡು ಸಲ ಮಾತ್ರ ಆಯ್ಕೆ ಆಗಬಹುದು. ಉಪಾಧ್ಯಕ್ಷರಾಗಿದ್ದು ಇನ್ನೊಬ್ಬರ ಅವಧಿಯ ಕೊನೇ ಎರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ನಡೆಸಿದ್ದರೆ ಅದು ಎಣಿಕೆಗೆ ಬರಲ್ಲ. ಅಂದರೆ ಹೆಚ್ಚೆಂದರೆ ಹತ್ತು ವರ್ಷ. ಇಲ್ಲಿ ಗಮನಿಸಿ, ಈ ಮಿತಿ ಬಿದ್ದದ್ದು ದೇಶದ ಅತಿ ದೊಡ್ಡ ಕುರ್ಚಿಗೆ.

ಭಾಗ 3

ಈಗ ನಮ್ಮ ಕಡೆ. ನಮ್ಮ ಸಂವಿಧಾನದ 1948ರ ಕರಡಿನಲ್ಲಿ ರಾಷ್ಟ್ರಪತಿ ಇನ್ನೊಂದು ಸಲ, ಒಂದೇ ಒಂದು ಸಲ, ಮರು ಆಯ್ಕೆ ಆಗಬಹುದು ಅಂತ ಇತ್ತು. ಅಂತಿಮ ಸಂವಿಧಾನದ 57ನೇ ವಿಧಿಯಲ್ಲಿ ಆ ಮಿತಿ ಇಲ್ಲ. ರಾಜೇಂದ್ರ ಪ್ರಸಾದ್ 1950ರಿಂದ 1962ರವರೆಗೆ ಇದ್ದರು, ಅಮೆರಿಕದ ಹತ್ತು ವರ್ಷಕ್ಕಿಂತ ಜಾಸ್ತಿ. ಅವರ ನಂತರ ಬಂದ ಯಾರೂ ಎರಡನೇ ಅವಧಿಗೆ ಕೂತಿಲ್ಲ. ಕಾನೂನಿಲ್ಲ, ರೂಢಿ ಅಷ್ಟೇ.

ಆದರೆ ನಮ್ಮಲ್ಲಿ ನಿಜವಾದ ಅಧಿಕಾರ ಇರೋದು ಪ್ರಧಾನಿ, ಮುಖ್ಯಮಂತ್ರಿ ಹತ್ತಿರ. ಅವರಿಗೆ ಮಿತಿ ಅಂತ ಯೋಚನೆಯೂ ಬರಲಿಲ್ಲ, ಯಾಕಂದರೆ ಸದನದ ಬಹುಮತ ಹೋದ ದಿನ ಅವರೂ ಹೋಗ್ತಾರೆ ಅನ್ನೋ ತರ್ಕ. ಕರ್ನಾಟಕದ ಮಟ್ಟಿಗೆ ಈ ತರ್ಕ ಸ್ವಲ್ಪ ಅತಿಯಾಗೇ ಕೆಲಸ ಮಾಡೈತಿ. ನಿಜಲಿಂಗಪ್ಪ ಎರಡು ಸಲ ಸೇರಿ, ದೇವರಾಜ ಅರಸು ಎರಡು ಸಲ ಸೇರಿ, ಇಬ್ಬರೂ ಏಳೂವರೆ ವರ್ಷದ ಆಸುಪಾಸು. ಅಮೆರಿಕದ ಎಂಟು ವರ್ಷದ ಗೆರೆ ಇಬ್ಬರೂ ಮುಟ್ಟಲಿಲ್ಲ. ಯಡಿಯೂರಪ್ಪ ನಾಲ್ಕು ಸಲ ಪ್ರಮಾಣವಚನ ತಗೊಂಡರು, ಒಂದು ಸಲವೂ ಐದು ವರ್ಷ ತುಂಬಲಿಲ್ಲ. ನಮ್ಮ ಶಿಗ್ಗಾಂವಿ ಕ್ಷೇತ್ರದ ಬಸವರಾಜ ಬೊಮ್ಮಾಯಿ 2021ರ ಜುಲೈ 28ರಂದು ಮುಖ್ಯಮಂತ್ರಿ ಆದದ್ದು ಅವರ ಜಾಗಕ್ಕೇ. 2023ರ ಮೇ ಹೊತ್ತಿಗೆ ಅದೂ ಮುಗೀತು.

ಬರೆಯದ ಒಪ್ಪಂದ ಎಷ್ಟು ಗಟ್ಟಿ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಎರಡು ಕಥೆ ಅದಾವೆ, ಎರಡೂ ಬೇಕು.

1962. ನಿಜಲಿಂಗಪ್ಪ ಚುನಾವಣೆ ಸೋತಿದ್ದರು. ಹುನಗುಂದದ ಎಸ್. ಆರ್. ಕಂಠಿ ಮಾರ್ಚ್ 14ಕ್ಕೆ ಮುಖ್ಯಮಂತ್ರಿ ಆದರು. ನಿಜಲಿಂಗಪ್ಪ ಉಪಚುನಾವಣೆಯಲ್ಲಿ ಗೆದ್ದು ಬಂದ ಮೇಲೆ, ಜೂನ್‌ನಲ್ಲಿ, ಕಂಠಿ ಕುರ್ಚಿ ಬಿಟ್ಟುಕೊಟ್ಟರು. ನೂರು ದಿನವೂ ಆಗಿರಲಿಲ್ಲ. ಬಿಡಲ್ಲ ಅಂದಿದ್ದರೆ ಏನಾಗ್ತಿತ್ತೋ, ಅವರು ಹಾಗನ್ನಲಿಲ್ಲ. ಈ ಹೆಸರು ನಮ್ಮ ಪಠ್ಯದಲ್ಲಿ ಒಂದು ಪಟ್ಟಿಯ ನಡುವೆ ಬಂದು ಹೋಗತ್ತೆ. ನಾನೂ ಮೊದಲು ಗಮನಿಸಿರಲಿಲ್ಲ.

2006. ಕುಮಾರಸ್ವಾಮಿ ಮತ್ತು ಬಿಜೆಪಿ ನಡುವೆ ಇಪ್ಪತ್ತು ತಿಂಗಳು ನೀವು, ಇಪ್ಪತ್ತು ತಿಂಗಳು ನಾವು ಅನ್ನೋ ಒಪ್ಪಂದ. ಫೆಬ್ರವರಿಯಲ್ಲಿ ಶುರು. 2007ರ ಅಕ್ಟೋಬರ್‌ನಲ್ಲಿ ಕುರ್ಚಿ ಕೈ ಬದಲಾಗಬೇಕಿತ್ತು, ಆಗಲಿಲ್ಲ. ಸರ್ಕಾರ ಬಿತ್ತು, ರಾಷ್ಟ್ರಪತಿ ಆಡಳಿತ ಬಂತು, ಮತ್ತೆ ರಾಜಿ ಆಯ್ತು. ನವೆಂಬರ್ 12ರಂದು ಯಡಿಯೂರಪ್ಪ ಮುಖ್ಯಮಂತ್ರಿ, ನವೆಂಬರ್ 19ಕ್ಕೆ ರಾಜೀನಾಮೆ. ಏಳು ದಿನ. ನಾವೆಲ್ಲ ಆಗ ತೊಟ್ಟಿಲು ಬಿಟ್ಟು ಅಂಗಳಕ್ಕೆ ಇಳಿದ ವಯಸ್ಸು, ಆದರೆ ‘ಟ್ವೆಂಟಿ ಟ್ವೆಂಟಿ’ ಅನ್ನೋ ಪದ ಕ್ರಿಕೆಟ್‌ಗಿಂತ ಮೊದಲು ರಾಜಕೀಯದಿಂದ ಕಿವಿಗೆ ಬಿದ್ದಿದ್ದು ಅಂತ ನಮ್ಮಪ್ಪ ಈಗಲೂ ಹೇಳ್ತಾರೆ.

ಭಾಗ 4

ಈಗ ಹಲಗೆಗೆ ವಾಪಸ್ ಬರೋಣ. ಇದು ಸ್ವಲ್ಪ ಒಣ ಭಾಗ, ಆದರೆ ಇದನ್ನ ದಾಟಿದರೆ ಮಾತ್ರ ಮುಂದಿನದು ಅರ್ಥ ಆಗೋದು.

1987ರಲ್ಲಿ ಕರ್ನಾಟಕದಲ್ಲಿ ದೇಶವೇ ತಿರುಗಿ ನೋಡೋಹಂಗ ಪಂಚಾಯತಿ ಚುನಾವಣೆ ಆಯ್ತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನ ‘ನೀರ್ ಸಾಬ್’ ಅಂತಿದ್ದರು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಕಾಲು ಭಾಗ ಸೀಟು ಮಹಿಳೆಯರಿಗೆ. ಆಗ ನಮ್ಮ ಹಾವೇರಿ ಜಿಲ್ಲೆ ಇರಲೇ ಇಲ್ಲ, ನಾವು ಧಾರವಾಡದವರು. ನಮ್ಮ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24ಕ್ಕೆ.

1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಪಂಚಾಯತಿಯ ಆಯುಷ್ಯ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ. ಅಧ್ಯಕ್ಷ ಸ್ಥಾನದ ಮೀಸಲಾತಿ ಸರದಿ ಪ್ರಕಾರ ತಿರುಗಬೇಕು. ಆದರೆ ಅಧ್ಯಕ್ಷರು ಎಷ್ಟು ತಿಂಗಳು ಕೂರಬೇಕು ಅನ್ನೋದು ರಾಜ್ಯದ ಕಾಯ್ದೆಗೆ ಬಿಟ್ಟ ಮಾತು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಅಧ್ಯಕ್ಷರಿಗೆ 30 ತಿಂಗಳು, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿ ಅಧ್ಯಕ್ಷರಿಗೆ 20 ತಿಂಗಳು ಅಂತ ನಡೀತಿತ್ತು. 2015ರಲ್ಲಿ ಗ್ರಾಮ ಪಂಚಾಯತಿಗೆ ಪೂರ್ತಿ ಐದು ವರ್ಷ ಮಾಡಿದರು, 2016ರಲ್ಲಿ ಬಂದ ಜಿಲ್ಲಾ ಪಂಚಾಯತಿ ಅಧ್ಯಕ್ಷರಿಗೂ ಐದು. ಹಲಗೆಯಲ್ಲಿ ಉದ್ದ ಸಾಲು ಕಂಡದ್ದು ಅದೇ. 2020ರ ಡಿಸೆಂಬರ್ ಚುನಾವಣೆ ಹೊತ್ತಿಗೆ ಗ್ರಾಮ ಪಂಚಾಯತಿ ಮತ್ತೆ 30 ತಿಂಗಳಿಗೆ ವಾಪಸ್.

ಅಮೆರಿಕದ ಮಿತಿ ಮನುಷ್ಯನಿಗೆ: ನೀನು ಎರಡು ಸಲ ಆದೆ, ಇನ್ನು ಬೇಡ. ನಮ್ಮ ಮಿತಿ ಕುರ್ಚಿಗೆ: ಮೂವತ್ತು ತಿಂಗಳಾಯ್ತು, ಈಗ ಬೇರೆ ವರ್ಗದವರು ಬರಲಿ. ಎರಡನೇ ಸಲ ಆಗಬಾರದು ಅಂತ ಯಾವ ಕಾಯ್ದೆಯೂ ಅಧ್ಯಕ್ಷೆಗೆ ಹೇಳಲ್ಲ. ಆದರೆ ಸರದಿ ತಿರುಗಿ ಅವರ ವರ್ಗಕ್ಕೇ, ಅವರ ಪಂಚಾಯತಿಗೇ, ಅವರು ಗೆದ್ದಿರೋ ಹೊತ್ತಿಗೇ ಬರಬೇಕು. ಅದು ಲಾಟರಿ. ಹಾಗಾಗಿ ಬಹಳಷ್ಟು ಜನಕ್ಕೆ ಮೊದಲನೇ ಸಲವೇ ಕೊನೇ ಸಲ.

ಭಾಗ 5

ಚಿಗವ್ವ 2021ರ ಫೆಬ್ರವರಿಯಲ್ಲಿ ಅಧ್ಯಕ್ಷೆ ಆದಳು. ಏಳನೇ ಕ್ಲಾಸು. ಮೆಣಸಿನಕಾಯಿ ಬಿಡಿಸೋದರಲ್ಲಿ ಅವಳಷ್ಟು ವೇಗದ ಕೈ ನಾನು ಬ್ಯಾಡಗಿ ಮಾರ್ಕೆಟ್ಟಿನಲ್ಲೂ ಕಂಡಿಲ್ಲ. ಸೀಟು ಮಹಿಳೆಗೆ ಬಂತು, ಕಾಕಾ ನಿಲ್ಲೋಹಂಗಿರಲಿಲ್ಲ, ಇವಳನ್ನ ನಿಲ್ಲಿಸಿದರು. ಈ ಕಥೆ ನಿಮ್ಮ ಊರಲ್ಲೂ ಇರತ್ತೆ, ಬಿಡಿಸಿ ಹೇಳಬೇಕಿಲ್ಲ.

ಮೊದಲ ಎರಡು ತಿಂಗಳು ಚೆಕ್ಕಿಗೆ ಸಹಿ ಹಾಕುವಾಗ ಕೈ ನಡುಗ್ತಿತ್ತು ಅಂತ ಅವಳೇ ಹೇಳ್ತಾಳೆ. ಪಿಡಿಒ ಸಹಿ ಒಂದು, ಅಧ್ಯಕ್ಷೆ ಸಹಿ ಒಂದು. ಏಪ್ರಿಲ್ ಬರೋ ಹೊತ್ತಿಗೆ ಕೊರೊನಾ ಎರಡನೇ ಅಲೆ. ಪಂಚಾಯತಿ ಕಾರ್ಯಪಡೆ ಅಂತ ಮನೆ ಮನೆ ತಿರುಗಿದಳು, ಮನೆಯವರೆಲ್ಲ ಬೈದರೂ. ಆ ಮಳೆಗಾಲದ ನಂತರವೇ ಅವಳಿಗೆ ಕಚೇರಿ ಅರ್ಥ ಆಗೋಕೆ ಶುರುವಾದದ್ದು: ಕ್ರಿಯಾ ಯೋಜನೆ ಅಂದರೇನು, ಉದ್ಯೋಗ ಖಾತರಿಯಲ್ಲಿ ಯಾವ ಕೆಲಸ ಹಿಡಿಸತ್ತೆ, ಯಾವುದು ಹಿಡಿಸಲ್ಲ, ಗ್ರಾಮಸಭೆಯಲ್ಲಿ ಗಲಾಟೆ ಮಾಡೋನು ಯಾರ ಪರವಾಗಿ ಮಾಡ್ತಾನೆ. ನಾನು ಆಗ ಹೈಸ್ಕೂಲು, ರಜೆಗೆ ಹೋದಾಗ ಅವಳ ಕಾಗದಗಳನ್ನ ಓದಿ ಹೇಳ್ತಿದ್ದೆ. ವರ್ಷ ಮುಗಿಯೋ ಹೊತ್ತಿಗೆ ಅವಳೇ ನನಗೆ ಹೇಳೋಳು, ಈ ಅಂದಾಜು ಪಟ್ಟಿಯಾಗ ಉಸುಕು ಜಾಸ್ತಿ ತೋರಿಸ್ಯಾರ ನೋಡು ಅಂತ.

ಅಂಗನವಾಡಿಗೆ ಕಾಂಪೌಂಡ್ ಗೋಡೆ ಕಟ್ಟಿಸಬೇಕು ಅನ್ನೋದು ಅವಳ ಹಠ. ಹಿಂದೆಯೇ ರಸ್ತೆ, ಟ್ರ್ಯಾಕ್ಟರ್ ಓಡಾಟ, ಮಕ್ಕಳು ಹೊರಗೆ ಬರ್ತಾವೆ. ಮುಂದಿನ ವರ್ಷದ ಯೋಜನೆಯಲ್ಲಿ ಸೇರಿಸಿದಳು.

ಆದರೆ ಅಧ್ಯಕ್ಷೆ ಆಗೋ ದಿನವೇ ಸದಸ್ಯರ ನಡುವೆ ಒಂದು ಮಾತುಕತೆ ಆಗಿತ್ತು. ಹದಿನೈದು ತಿಂಗಳು ಇವಳು, ಹದಿನೈದು ತಿಂಗಳು ಇನ್ನೊಬ್ಬರು. ಗುಡಿಯಲ್ಲಿ ಕಾಯಿ ಮುಟ್ಟಿಸಿದ ಆಣೆ. ಆಣೆ ಮಾಡಿದ್ದು ಅವಳಲ್ಲ, ಅವಳ ಪರವಾಗಿ ಗಂಡಸರು. 2022ರ ಮೇ ಬಂತು, ಮನೆಯಲ್ಲಿ ಮಾತು ಬಂತು. ಅವಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಎಸಿ ಆಫೀಸಿಗೆ ಹೋಗಿ ರಾಜೀನಾಮೆ ಕೊಟ್ಟು ಬಂದಳು. ಕಾಯ್ದೆ ಕೊಟ್ಟ ಮೂವತ್ತರಲ್ಲಿ ಅರ್ಧ ಆ ಆಣೆಗೆ ಹೋಯ್ತು.

‘ಕೀಲಿ ಕೈಗೆ ಹತ್ತೂದ್ರಾಗ ಮನಿ ಬಿಡು ಅಂದ್ರು’ ಅಂದಳು. ಅಷ್ಟೇ ಅಂದದ್ದು.

ನಾನು ಬಿಕಾಂ ಸೇರಿದ ಮೇಲೆ ಇದನ್ನ ಲೆಕ್ಕ ಹಾಕಿ ನೋಡಿದೆ. ಪಂಚಾಯತಿ ದುಡ್ಡು ನಡೆಯೋದು ಏಪ್ರಿಲ್‌ನಿಂದ ಮಾರ್ಚ್. 2021ರ ಫೆಬ್ರವರಿಯಿಂದ 2022ರ ಮೇ ತನಕ ಅವಳಿಗೆ ಪೂರ್ತಿ ಸಿಕ್ಕ ಹಣಕಾಸು ವರ್ಷ ಒಂದೇ, ಅದರಲ್ಲೂ ಮೊದಲ ಮೂರು ತಿಂಗಳು ಕೊರೊನಾ. ಮೂವತ್ತು ತಿಂಗಳು ಪೂರ್ತಿ ಕೂತಿದ್ದರೂ ಎರಡೇ. ಅಂದರೆ ತಾನು ಮಾಡಿದ ಯೋಜನೆಗೆ ದುಡ್ಡು ಬಂದು, ಕೆಲಸ ಮುಗಿದು, ಆಡಿಟ್ ಆಗಿ ಬರೋದನ್ನ ಅಧ್ಯಕ್ಷೆ ಅನ್ನಿಸಿಕೊಂಡೋಳು ಕುರ್ಚಿಯಲ್ಲಿ ಕೂತು ನೋಡೋದು ಕಷ್ಟ.

ಆಡಿಟ್ ಅಂದಾಗ ನೆನಪಾಯ್ತು. ಕಂಪನಿ ಕಾಯ್ದೆ 2013ರ 139ನೇ ಸೆಕ್ಷನ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಲ್ಲ? ಷೇರುಪೇಟೆಯಲ್ಲಿರೋ ಕಂಪನಿಗೆ ಒಬ್ಬ ವ್ಯಕ್ತಿ ಆಡಿಟರ್ ಆದರೆ ಐದು ವರ್ಷ, ಸಂಸ್ಥೆ ಆದರೆ ಐದರ ಎರಡು ಅವಧಿ, ಆಮೇಲೆ ಐದು ವರ್ಷ ಹೊರಗೆ. ಸಹಕಾರಿ ಬ್ಯಾಂಕಿನ ನಿರ್ದೇಶಕರಿಗೆ ಸತತ ಎಂಟು ವರ್ಷದ ಮಿತಿ ಇತ್ತು, 2025ರ ಆಗಸ್ಟ್ 1ರಿಂದ ಹತ್ತು ಆಯ್ತು. ಇವರಿಗೆಲ್ಲ ಮಿತಿ ಹಾಕಿದ್ದು ಕುರ್ಚಿ ಜೊತೆ, ಆಡಳಿತದ ಜೊತೆ ಸಲಿಗೆ ಜಾಸ್ತಿ ಆಗಬಾರದು ಅಂತ. ಸರಿ, ಒಪ್ಪೋಣ. ಹದಿನೈದು ತಿಂಗಳಲ್ಲಿ ಚಿಗವ್ವನಿಗೆ ಅಂಥ ಯಾವ ಸಲಿಗೆ ಬೆಳೆದಿತ್ತು?

ಭಾಗ 6

ಇದಕ್ಕೆ ಇನ್ನೊಂದು ಮುಖ ಐತಿ, ಅದನ್ನ ಬರೆಯದಿದ್ದರೆ ಮೋಸ.

2023ರಲ್ಲಿ ಎರಡನೇ ಅವಧಿಗೆ ಮೀಸಲಾತಿ ಬದಲಾಯ್ತು. ನಮ್ಮ ಚಿಗವ್ವನ ಪಂಚಾಯತಿಗೆ ಪರಿಶಿಷ್ಟ ಜಾತಿ ಮಹಿಳೆ ಅಂತ ಬಂತು. ಆ ಊರಲ್ಲಿ ಹಬ್ಬದ ದಿನ ಬಾಗಿಲ ಹೊರಗೆ ನಿಂತು ಮಾತಾಡಿಸಿಕೊಂಡು ಹೋಗ್ತಿದ್ದ ಒಬ್ಬ ಹೆಣ್ಣುಮಗಳು ಆ ಕುರ್ಚಿಯಲ್ಲಿ ಕೂತಳು. ಅದೇ ಸದಸ್ಯರು ಎದ್ದು ನಿಂತು ‘ಅಧ್ಯಕ್ಷರೇ’ ಅನ್ನಬೇಕಾಯ್ತು. 2015ರ ನಿಯಮದ ಹಾಗೆ ಐದು ವರ್ಷ ಒಬ್ಬರೇ ಇದ್ದಿದ್ದರೆ ಆ ದಿನ 2023ರಲ್ಲಿ ಬರ್ತಿರಲಿಲ್ಲ. ಸರದಿ ಬರೋದಕ್ಕೆ ಅವಳು ಇನ್ನೆಷ್ಟು ಚುನಾವಣೆ ಕಾಯಬೇಕಿತ್ತೋ. ಇದನ್ನ ನಾನು ಚಿಗವ್ವನಿಗೆ ಹೇಳಿದಾಗ ಅವಳಿಗೆ ಬೇಜಾರಾಗುತ್ತೆ ಅಂದುಕೊಂಡಿದ್ದೆ. ‘ಅಕಿಗಾದ್ರೂ ಪೂರಾ ಕೂಡಾಕ ಬಿಡ್ರಿ’ ಅಂದಳು.

ಹಾಗಾಗಿ ನನ್ನ ಜಗಳ ಸರದಿ ಜೊತೆ ಅಲ್ಲ, ಗಡಿಯಾರದ ಜೊತೆ. ಸರದಿ ಚುನಾವಣೆಯಿಂದ ಚುನಾವಣೆಗೆ ತಿರುಗಲಿ, ಕೂತವರು ಐದು ವರ್ಷ ಕೂರಲಿ ಅಂತ ನನ್ನ ಮನಸ್ಸು ಹೇಳತ್ತೆ. ಆದರೆ ಕಾಯೋ ಸರದಿಯಲ್ಲಿ ನಾನು ನಿಂತಿಲ್ಲ, ನಿಂತವರ ಲೆಕ್ಕ ಬೇರೆ ಇರಬಹುದು. ಇದರ ಬಗ್ಗೆ ಕಾಮೆಂಟಿನಲ್ಲಿ ಜಗಳ ಆಡಿ, ಖುಷಿಯಿಂದ ಓದ್ತೀನಿ.

ಮಿತಿ ತಪ್ಪೋ ಇನ್ನೊಂದು ದಾರಿಯೂ ಐತಿ: ಕುರ್ಚಿಯನ್ನೇ ಖಾಲಿ ಇಡೋದು. 2018ರಲ್ಲಿ ಹಾವೇರಿ, ರಾಣೇಬೆನ್ನೂರು ಸೇರಿ ರಾಜ್ಯದ ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆಗಳಿಗೆ ಚುನಾವಣೆ ಆಯ್ತು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯ್ತು. ಗೆದ್ದ ಸದಸ್ಯರು ಎರಡು ವರ್ಷ ಅಧ್ಯಕ್ಷರಿಲ್ಲದೆ ಕೂತರು, ಆಯ್ಕೆ ನಡೆದದ್ದು 2020ರ ಕೊನೆಗೆ. ಜಿಲ್ಲಾ ಪಂಚಾಯತಿ ಕಥೆ ಇನ್ನೂ ದೊಡ್ಡದು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗೀತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು. 2025 ಮುಗಿದರೂ ಚುನಾವಣೆ ಆಗಲಿಲ್ಲ. ಐದು ವರ್ಷಕ್ಕಿಂತ ಜಾಸ್ತಿ ಇರಬಾರದು ಅಂತ ಸಂವಿಧಾನದಲ್ಲೇ ಬರೆದದ್ದು ಗೆದ್ದು ಬಂದವರಿಗೆ ಸರಿಯಾಗಿ ಅನ್ವಯ ಆಯ್ತು. ಅವರ ಜಾಗಕ್ಕೆ ಬಂದ ಆಡಳಿತಾಧಿಕಾರಿಗೆ ಯಾವ ‘ವರೆಗೆ’ಯೂ ಇಲ್ಲ.

ಕ್ಲಾಸಿನಲ್ಲಿ ಪ್ರಶ್ನೆ ಕೇಳಿದ ಗೆಳೆಯ ಇದನ್ನ ಓದ್ತಿರ್ತಾನೆ. ನಿನ್ನ ಊರಿನ ಪಂಚಾಯತಿ ಕಚೇರಿಗೂ ಒಂದು ಸಲ ಹೋಗಿ ಹಲಗೆ ನೋಡು ಮಾರಾಯ, ಎಷ್ಟು ಸಾಲು, ಎಷ್ಟೆಷ್ಟು ತಿಂಗಳು ಅಂತ ಎಣಿಸಿ ನನಗೆ ಫೋಟೋ ಕಳಿಸು. ಹೆಸರು ಮುಚ್ಚಿ ಕಳಿಸು.

ಕಾಂಪೌಂಡ್ ಗೋಡೆ ಆಯ್ತಾ ಅಂತ ಕೇಳ್ತೀರಿ. ಆಯ್ತು, ಅವಳು ಬಿಟ್ಟ ಮರುವರ್ಷ. ಕೊನೇ ಫೋಟೋ ಅದೇ. ಗೋಡೆ ಮೇಲಿನ ಕಲ್ಲಿನಲ್ಲಿ ಬೇರೆ ಹೆಸರು ಐತಿ, ಅದನ್ನೂ ಮುಚ್ಚೀನಿ. ಗೋಡೆ ಮುಂದೆ ಬೆನ್ನು ತಿರುಗಿಸಿ ನಿಂತು ಮೊಮ್ಮಗನ ಚಪ್ಪಲಿ ಸರಿ ಮಾಡ್ತಿರೋಳು ನಮ್ಮ ಚಿಗವ್ವ.